ಹುಲಿಗೆಮ್ಮನ ಕಣ್ಣು ಹೊರಳಿದ ಸೋಮವಾರ

ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಹುಲಿಗೆಮ್ಮನನ್ನು ಕೂಡ್ಲಿಗಿಯ ಆಸ್ಪತ್ರೆಯಿಂದ ಒಯ್ಯುವುದೆಂದು ತೀರ್ಮಾನವಾಗಿತ್ತು. ಅವಳ ಅಪ್ಪ ದೊಡ್ಡಬೀರಪ್ಪ ಹಂಪಸಾಗರದಿಂದ ಟೆಂಪೊ ಮಾಡಿಕೊಂಡು ಬರುವವನಿದ್ದ. ತವರುಮನೆಯಲ್ಲಿ ಮಲಗಿಸಿ, ಮೂಗಿಗೆ ಹಾಕಿದ ಗಂಜಿಯ ನಳಿಗೆ ತೆಗೆದು, ಬಾಯಿಗೆ ಹೊಳೆಯ ನೀರು ಬಿಟ್ಟು, ಮುಂದಿನದನ್ನು ದೇವರಿಗೆ ಬಿಡುವುದು. ಶನಿವಾರ ಆಸ್ಪತ್ರೆಯ ಅಂಗಳದಲ್ಲಿ ಕೂತು ಹಿರಿಯರು ಈ ಮಾತಾಡಿದಾಗ ಅತ್ತೆ ಎರ್ರೆಮ್ಮನೂ ತಲೆಯಾಡಿಸಿದ್ದಳು. ಗಂಡ ಗಾದಿಲಿಂಗ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದ.

ಅವನಿಗೆ ಮಾತೆತ್ತಲು ಬಾಯಿರಲಿಲ್ಲ. ನಲವತ್ತು ದಿನದ ಹಿಂದೆ ಸಂತೆಯಿಂದ ಬರುವಾಗ ಅವನ ಟಿವಿಎಸ್ ಗಾಡಿಯ ಹಿಂದಿನ ಗಾಲಿಗೆ ಹುಲಿಗೆಮ್ಮನ ಸೆರಗು ಸಿಕ್ಕಿತ್ತು. ಅವಳು ಬೆನ್ನಡಿಯಾಗಿ ಬಿದ್ದಳು. ತಲೆಯ ಬಲಭಾಗ ರಸ್ತೆಯ ಅಂಚಿನ ಕಲ್ಲಿಗೆ ಬಡಿಯಿತು. ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಅಂದೇ ಆಪರೇಷನ್ ಮಾಡಿ ಹೆಪ್ಪುಗಟ್ಟಿದ ರಕ್ತ ತೆಗೆದರು. ಊದಿದ ಮಿದುಳಿಗೆ ಜಾಗವಾಗಲೆಂದು ಅಂಗೈಯಗಲದ ಎಲುಬನ್ನೂ ತೆಗೆದಿಟ್ಟರು. ಜೀವ ಉಳಿಯಿತು. ಎರಡನೇ ವಾರ ಕಣ್ಣೂ ತೆರೆದಳು. ಆದರೆ ಆ ಕಣ್ಣು ಯಾರನ್ನೂ ನೋಡಲಿಲ್ಲ. ಮೇಲಿನ ಮಾಡು ನೋಡುತ್ತಿತ್ತು, ಅಷ್ಟೆ. ‘ಎಚ್ಚರ ಐತೆ, ಅರಿವಿಲ್ಲ. ಹಿಂಗೇ ವರ್ಷಗಟ್ಟಲೆ ಇರಬಹುದು, ಬೇಗ ಹೋಗಲೂಬಹುದು, ಸುಧಾರಿಸಿದರೂ ಸುಧಾರಿಸಬಹುದು’ ಎಂದು ಅಲ್ಲಿನ ಡಾಕ್ಟರು ಹೇಳಿ, ಇಪ್ಪತ್ತಾರು ದಿನಕ್ಕೆ ಊರಿನ ಹತ್ತಿರದ ಆಸ್ಪತ್ರೆಗೆ ಬರೆದುಕೊಟ್ಟರು. ಕೂಡ್ಲಿಗಿಯಲ್ಲಿ ಸಿಸ್ಟರ್ ಗೀತಮ್ಮ ಎರ್ರೆಮ್ಮನಿಗೆ ಎಲ್ಲ ಕಲಿಸಿದಳು. ನಳಿಗೆಯಲ್ಲಿ ಗಂಜಿ ಬಿಡುವುದು ಹೇಗೆ, ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ. ಮೊದಮೊದಲು ಎಲ್ಲ ಸರಿಯಿತ್ತು. ಈಚಿನ ನಾಲ್ಕು ದಿನದಿಂದ ಮಾತ್ರ ಬಿಟ್ಟ ಗಂಜಿಯೆಲ್ಲ ವಾಂತಿಯಾಗುತ್ತಿತ್ತು. ಅದನ್ನು ಕಂಡೇ ದೊಡ್ಡಬೀರಪ್ಪ ಕಂಗೆಟ್ಟಿದ್ದು.

ಹೋಗುವ ದಿನವೆಂದು ಎರ್ರೆಮ್ಮ ಬೆಳಿಗ್ಗೆಯೇ ಸೊಸೆಯ ಮೈಯೊರೆಸಿ ಬೇರೆ ಸೀರೆ ಸುತ್ತಿದಳು. ವಾಂತಿಗೆ ಹೆದರಿ, ಎರಡು ದಿಂಬು ಒಂದು ಕಂಬಳಿ ಸುರುಳಿ ಬೆನ್ನಿಗಿಟ್ಟು, ನೆಟ್ಟಗೆ ಒರಗಿಸಿ ಕೂಡಿಸಿದಳು. ಬೋಳಿಸಿದ ತಲೆಯಲ್ಲಿ ಬೆರಳಗಲ ಕೂದಲು ಬಂದಿತ್ತು. ಅದಕ್ಕೇ ಎಣ್ಣೆ ಹಚ್ಚಿದಳು. ಅಳಬಾರದೆಂದು ಬಾಯಿಗೆ ಬಂದದ್ದನ್ನೆಲ್ಲ ಮಾತಾಡುತ್ತಿದ್ದಳು. ಸಾಲಿಯಲ್ಲಿ ಬಿಸಿಯೂಟಕ್ಕೆ ನಿನ್ನ ಬದಲಿಗೆ ಬಂದಾಕಿ ಬ್ಯಾಳಿ ಹೊತ್ತಿಸ್ತಾಳಂತ, ಹುಡುಗ್ರು ತಾಟು ನೂಕ್ತಾವಂತ. ಹೀಗೆ. ಕುಂಕುಮ ಇಟ್ಟ ಮೇಲೆ, ಮನೆಯಲ್ಲಿ ಮಾಡುತ್ತಿದ್ದ ರೂಢಿಗೆ, ಚೀಲದಿಂದ ಅಂಗೈಗಲದ ಕನ್ನಡಿ ತೆಗೆದು ಸೊಸೆಯ ಮುಖದ ಮುಂದೆ ಹಿಡಿದಳು.

“ನೋಡವ್ವ. ಸೊಟ್ಟ ಆತೇನು?”

ಹುಲಿಗೆಮ್ಮನ ಕಣ್ಣು ಮಾಡಿನಿಂದ ಇಳಿಯಿತು. ಇಳಿದು ಕನ್ನಡಿಯಲ್ಲಿ ನಿಂತಿತು.

ಎರ್ರೆಮ್ಮನ ಕೈಯಲ್ಲಿ ಕನ್ನಡಿ ಎಡಕ್ಕೆ ಜರುಗಿತು. ಕಣ್ಣೂ ಎಡಕ್ಕೆ ಜರುಗಿತು.

ಅವಳು ಅದನ್ನು ಬೇಕೆಂದೇ ಬಲಕ್ಕೆ ತಂದಳು, ನಿಧಾನವಾಗಿ, ತುಂಬಿದ ಕೊಡ ಒಯ್ಯುವಂತೆ. ಕಣ್ಣು ಒಂದು ಗಳಿಗೆ ತಡೆದು ಹಿಂದೆಯೇ ಬಂತು. ಮೇಲೆತ್ತಿದಳು. ಮೇಲೂ ಬಂತು. ಎರ್ರೆಮ್ಮ ಮಂಚದ ಕಾಲು ಎಡವಿಕೊಂಡು ಹೊರಗೆ ಓಡಿದಳು. ಅರವತ್ತರ ಹೆಂಗಸು ಓಡುವುದನ್ನು ವಾರ್ಡಿನವರೆಲ್ಲ ಎದ್ದು ನೋಡಿದರು.

“ಲೇ ಗಾದಿಲಿಂಗ, ಬಾರೋ. ನಿನ್ನ ಹೆಂಡ್ತಿ ಕನ್ನಡಿ ನೋಡ್ತಾಳ.”

ನಲ್ಲಿಯ ಹತ್ತಿರ ಕೂತಿದ್ದ ಗಾದಿಲಿಂಗ ತಲೆಯೆತ್ತಿದ. “ಬ್ಯಾಡ ಬೇ ಯವ್ವ. ಇವತ್ತರ ಸುಮ್ಮನಿರು.”

“ನಾ ಹುಚ್ಚಿ ಆಗಿಲ್ಲೋ. ಬಂದು ನೋಡು.”

ಅವಳು ಅವನ ತೋಳು ಹಿಡಿದು ಎಳೆದುಕೊಂಡೇ ಬಂದಳು. ದಾರಿಯಲ್ಲಿ ಸಿಸ್ಟರ್ ಗೀತಮ್ಮನನ್ನೂ ಕರೆದಳು. ಗೀತಮ್ಮ ಇಪ್ಪತ್ತು ವರ್ಷ ವಾರ್ಡು ನೋಡಿದವಳು. ಮೊದಲು ಆಕೆ ಕಂಡದ್ದು ಹುಲಿಗೆಮ್ಮ ಕುಸಿದು ಕೂತಿರುವುದನ್ನು. ಬೀಳುತ್ತಾಳೆಂದು ದಿಂಬು ತೆಗೆದು ಸರಿಯಾಗಿ ಮಲಗಿಸಿದಳು. ಆಮೇಲೆ ಕನ್ನಡಿ ಈಸಿಕೊಂಡು ಮುಖದ ಮೇಲೆ ಹಿಡಿದಳು. ಏನೂ ಇಲ್ಲ. ಕಣ್ಣು ಮಾಡಿಗೇ ನೆಟ್ಟಿತ್ತು. ಎಡಕ್ಕೆ, ಬಲಕ್ಕೆ, ಹತ್ತಿರ, ದೂರ. ಏನೂ ಇಲ್ಲ.

“ಎರ್ರೆಮ್ಮಕ್ಕ,” ಎಂದಳು ಗೀತಮ್ಮ, ಮೆತ್ತಗೆ. “ಕಣ್ಣು ತಾನಾಗೇ ಆಡ್ತಾವ ಒಮ್ಮೊಮ್ಮೆ. ನಮ್ಮ ಮನಸು ಅದಕ್ಕ ಅರ್ಥ ಹಚ್ತೈತಿ.”

ಗಾದಿಲಿಂಗ ಹೊರಗೆ ಹೋಗಿಬಿಟ್ಟ.

ಎರ್ರೆಮ್ಮ ಮಂಚದ ತುದಿಗೆ ಕೂತಳು. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ. ತನ್ನ ಕಣ್ಣೇ ತನಗೆ ಮೋಸ ಮಾಡಿತೇನು? ಹಾಗಾದರೆ ಮೂರು ಸಲ ಮಾಡುತ್ತದೆಯೇ? ಅವಳು ಬೆಳಗಿನದನ್ನು ಒಂದೊಂದಾಗಿ ನೆನೆದಳು. ಎಣ್ಣೆ ಹಚ್ಚಿದ್ದೆ. ಮಾತಾಡುತ್ತಿದ್ದೆ. ಕೂತಿದ್ದಳು. ಹೌದು, ಆಗ ಕೂತಿದ್ದಳು, ಈಗ ಮಲಗಿದ್ದಾಳೆ.

ಅಷ್ಟೇ ಸಾಕಾಯಿತು. ಎರಡು ದಿಂಬು, ಕಂಬಳಿ, ಪಕ್ಕದ ಬಾಣಂತಿಯಿಂದ ಇನ್ನೊಂದು ದಿಂಬು. ಸೊಸೆಯ ಬಗಲಿಗೆ ಕೈಹಾಕಿ ಎತ್ತಿ ಒರಗಿಸಿದಳು. ಬೆಳಗಿನ ಹಾಗೆ ಮತ್ತೆ ತಲೆ ನೇವರಿಸುತ್ತ ಕಾದಳು. ಕಾಲು ತಾಸು ಆಯಿತು. ಅರ್ಧ ತಾಸು ಆಯಿತು. ನೇವರಿಸುವಾಗ ಬಲಗಡೆ ಎಲುಬಿಲ್ಲದ ಜಾಗ ಬೆರಳಿಗೆ ಸಿಕ್ಕಿತು. ದಾವಣಗೆರೆಯಿಂದ ಬಂದಾಗ ಅಲ್ಲಿ ತಗ್ಗಿತ್ತು, ಬೋಗುಣಿಯ ತಳದಂತೆ. ಮೂರು ನಾಲ್ಕು ದಿನದಿಂದ ಉಬ್ಬಿ ಬಿಗಿಯಾಗಿತ್ತು. ಇಂದು ಬೆಳಿಗ್ಗೆ ಎಣ್ಣೆ ಹಚ್ಚುವಾಗಲೂ ಬಿಗಿಯಾಗಿಯೇ ಇತ್ತು. ಕೂಡಿಸಿ ಅರ್ಧ ತಾಸಾದ ಮೇಲೆ ಈಗ ತುಸು ಮೆತ್ತಗಾಗಿದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅವಳು ಕನ್ನಡಿ ಎತ್ತಿದಳು.

ಕಣ್ಣು ಇಳಿಯಿತು. ನಿಂತಿತು. ಎಡಕ್ಕೆ ಒಯ್ದರೆ ಎಡಕ್ಕೆ ಬಂತು.

ಈ ಸಲ ಎರ್ರೆಮ್ಮ ಕನ್ನಡಿ ಬಿಟ್ಟು ಓಡಲಿಲ್ಲ. ಕೂತಲ್ಲಿಂದಲೇ, ದನಿ ಏರಿಸದೆ, ಬಾಣಂತಿಗೆ ಹೇಳಿದಳು. “ತಂಗಿ, ಹೋಗಿ ಡಾಕ್ಟ್ರನ್ನ ಕರಿ. ಎರ್ರೆಮ್ಮ ಮಂಚ ಬಿಟ್ಟು ಏಳಂಗಿಲ್ಲ ಅಂದ್ಲು ಅನ್ನು.”

ಡಾಕ್ಟರ್ ಶಿವಶಂಕರ ಹರಪನಹಳ್ಳಿ ಕಡೆಯ ಬಾಗಳಿಯವರು. ಮೂವತ್ತೈದರ ಒಳಗಿನ ವಯಸ್ಸು. ಹೊರರೋಗಿಗಳ ಸಾಲು ಬಿಟ್ಟು, ಕೊರಳಲ್ಲಿ ಸ್ಟೆತಾಸ್ಕೋಪು ತೂಗಾಡಿಸಿಕೊಂಡು ಬಂದರು. ಮೊದಲು ಟಾರ್ಚು ಹಾಕಿ ಆಡಿಸಿದರು. ಕಣ್ಣು ಹಿಂಬಾಲಿಸಲಿಲ್ಲ. ಬೆರಳು ಆಡಿಸಿದರು. ಇಲ್ಲ. ಅವರ ಮುಖದ ಮೇಲೆ, ಪಾಪ ಎನ್ನುವ ಭಾವ ಬಂತು.

“ಬೆರಳು ನೋಡಾಕ ಅಕಿಗೇನು ಬಂದೈತ್ರಿ,” ಎಂದಳು ಎರ್ರೆಮ್ಮ. “ತನ್ನ ಮಾರಿ ತೋರಿಸ್ರಿ.”

ಡಾಕ್ಟರು ಕನ್ನಡಿ ತೆಗೆದುಕೊಂಡರು. ಒಂದು ಮೊಳ ದೂರ ಹಿಡಿದು ಎಡಕ್ಕೆ ಸರಿಸಿದರು. ಅವರ ಕೈ ಅಲ್ಲೇ ನಿಂತಿತು. ಬಲಕ್ಕೆ ಸರಿಸಿದರು. ಬಗ್ಗಿ ಕೆಳಗೆ ತಂದರು. ಬಾಗಿಲಲ್ಲಿ ಬಂದು ನಿಂತಿದ್ದ ಗೀತಮ್ಮನಿಗೆ, “ಸಿಸ್ಟರ್, ಒಂದು ಕಾಗದ ತಗಂಡು ಬರ್ರಿ. ನಾನು ಹೇಳಿದಂಗೆ ಗೀಟು ಹಾಕ್ರಿ” ಎಂದರು. ದನಿ ಬದಲಾಗಿತ್ತು. ಹತ್ತು ಸಲ ಮಾಡಿದರು. ನಡುನಡುವೆ ಕನ್ನಡಿಯ ಬೆನ್ನು ತೋರಿಸಿ ಮೋಸವನ್ನೂ ಮಾಡಿದರು. ಬೆನ್ನಿಗೆ ಕಣ್ಣು ಬರಲಿಲ್ಲ. ಮುಖಕ್ಕೆ ಹತ್ತರಲ್ಲಿ ಎಂಟು ಸಲ ಬಂತು. ಬೇರೆ ಮಂಚದ ರೋಗಿಗಳೂ ಅವರ ಕಡೆಯವರೂ ಮಂಚದ ಸುತ್ತ ನೆರೆದು ಒಂದೊಂದು ಗೀಟಿಗೂ ಉಸಿರು ಬಿಡುತ್ತಿದ್ದರು. ಕಬಡ್ಡಿ ನೋಡುವವರಂತೆ. ಗಾದಿಲಿಂಗ ಯಾವಾಗ ಬಂದನೋ, ತಾಯಿಯ ಭುಜ ಹಿಡಿದು ನಿಂತಿದ್ದ.

“ಹುಲಿಗೆಮ್ಮ, ಕಣ್ಣು ಮುಚ್ಚು,” ಎಂದರು ಡಾಕ್ಟರು. ಬಹಳ ಹೊತ್ತಾದ ಮೇಲೆ ಮುಚ್ಚಿದಳು. ಮತ್ತೆ ಕೇಳಿದರೆ ಇಲ್ಲ. ಐದು ಸಲಕ್ಕೆ ಎರಡು.

ಎರ್ರೆಮ್ಮ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕೂಡಿಸಿದರೆ ನೋಡುತ್ತಾಳೆ, ಮಲಗಿಸಿದರೆ ಇಲ್ಲ. ತಲೆಯ ತಗ್ಗು ಉಬ್ಬಾಗಿದೆ. ಕೂತಾಗ ಮೆತ್ತಗಾಗುತ್ತದೆ. ವಾಂತಿ ಶುರುವಾದದ್ದೂ ಉಬ್ಬಿದ್ದೂ ಒಂದೇ ಹೊತ್ತಿಗೆ. ಡಾಕ್ಟರು ಆ ಜಾಗವನ್ನು ಎರಡು ಬೆರಳಿಂದ ಮುಟ್ಟಿ ನೋಡಿದರು. ಮಲಗಿಸಿ ಮುಟ್ಟಿದರು, ಕೂಡಿಸಿ ಮುಟ್ಟಿದರು. ಆಮೇಲೆ ಮಂಚದ ಮೇಲೇ ಕೂತುಬಿಟ್ಟರು.

“ಅಮ್ಮಾ, ಇದನ್ನ ಯಾರಿಗಾದ್ರೂ ಹೇಳಿದ್ರಾ?”

“ಈಗ ನಿಮಗ ಹೇಳೀನಲ್ರಿ.”

ಹನ್ನೊಂದೂಮುಕ್ಕಾಲಿಗೆ ಟೆಂಪೊ ಬಂತು. ದೊಡ್ಡಬೀರಪ್ಪ ಕಂಬಳಿ ಹೊದ್ದು ಇಳಿದ. ಹಿಂದೆ ಹಾಸಿಗೆ, ಚಾಪೆ, ಹೊಳೆಯ ನೀರಿನ ತಂಬಿಗೆ. ಕುರಿ ಕಾಯ್ದು ದೊಡ್ಡವನಾದ ಎತ್ತರದ ಮನುಷ್ಯ, ಒಂದೇ ವಾರದಲ್ಲಿ ಬಾಗಿ ಹೋಗಿದ್ದ. ಡಾಕ್ಟರು ಅವನನ್ನು ಒಳಗೆ ಕರೆಸಿ ಎಲ್ಲರೆದುರು ಬಿಡಿಸಿ ಹೇಳಿದರು. ಮಿದುಳಿನೊಳಗೆ ದಿನಾ ನೀರು ಹುಟ್ಟಿ ದಿನಾ ಹರಿದು ಹೋಗುತ್ತದೆ. ಏಟು ಬಿದ್ದ ಕೆಲವರಿಗೆ ವಾರಗಳ ಮೇಲೆ ಆ ದಾರಿ ಕಟ್ಟುತ್ತದೆ, ಬಚ್ಚಲ ಮೋರಿ ಕಟ್ಟಿದ ಹಾಗೆ. ಮೊದಲಿನ ಸ್ಕ್ಯಾನಿನಲ್ಲಿ ಅದು ಇರಲಿಕ್ಕಿಲ್ಲ. ಈಗ ಇರಬಹುದೆಂದು ತಮಗೆ ಅನುಮಾನ. ಇದ್ದರೆ ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಸಣ್ಣ ನಳಿಗೆ ಹಾಕಿ ನೀರು ಇಳಿಸುತ್ತಾರೆ. ದಾವಣಗೆರೆಗೆ ಇವತ್ತೇ ಹೋಗಬೇಕು.

ದೊಡ್ಡಬೀರಪ್ಪ ಮುಗಿಯುವವರೆಗೂ ಕೇಳಿದ. ಆಮೇಲೆ ಎರ್ರೆಮ್ಮನ ಕಡೆ ತಿರುಗಿದ.

“ಯಕ್ಕ, ಶನಿವಾರ ನೀನೂ ಆಗಲಿ ಅಂದಿದ್ದಿ.”

“ಅಂದಿದ್ದೆ. ಶನಿವಾರ ನನಗ ಗೊತ್ತಿರಲಿಲ್ಲ. ಇವತ್ತು ಗೊತ್ತೈತಿ.”

“ಒಂದು ಸಲ ತಲಿ ಕೊಯ್ಸೀವಿ. ಮತ್ತ ಮತ್ತ ಕೊಯ್ಸಾಕ ನನ್ನ ಮಗಳೇನು ಕುಂಬಳಕಾಯೇನು?” ಅವನು ಮಗಳ ಕಡೆ ನೋಡಿದ. “ಅಕಿ ನರಳಾದು ನೋಡಾಕ ನನ್ನಿಂದ ಆಗಂಗಿಲ್ಲ, ಅದಕ್ಕ ಒಯ್ತೀನಿ ಅಂದಿದ್ದು. ಡಾಕ್ಟ್ರ, ಇದನ್ನ ಮಾಡಿಸಿದ್ರ ಅಕಿ ಮೊದಲಿನಂಗ ಆಗ್ತಾಳೇನ್ರಿ?”

“ಹಂಗಂತ ನಾನು ಹೇಳಾಕಾಗಲ್ಲ,” ಎಂದರು ಶಿವಶಂಕರ. “ಆಪರೇಷನ್ನಿನಲ್ಲೇ ಹೋಗಬಹುದು. ನಳಿಗೆಯಲ್ಲಿ ಕೀವಾಗಬಹುದು. ಏನೂ ಬದಲಾಗದೇನೂ ಇರಬಹುದು. ಆದರೆ ನೀರು ಕಟ್ಟಿದ್ದು ನಿಜ ಆದ್ರೆ, ಬಿಟ್ಟರೆ ಮಾತ್ರ ಖಂಡಿತ ಹೋಗ್ತಾಳೆ. ಮತ್ತೆ, ಹಿಂದಿನ ವಾರ ನಾವೆಲ್ಲ ಅರಿವಿಲ್ಲ ಅಂತ ತಿಳಕಂಡು ಮಾತಾಡಿದ್ವಿ. ಅದು ತಪ್ಪು. ಅರಿವು ಐತೆ.”

“ಹಂಗಾದ್ರ ಅಕಿನ್ನೇ ಕೇಳ್ರಿ. ಬೇಕಂದ್ರ ಕಣ್ಣು ಮುಚ್ಚಲಿ.”

ಡಾಕ್ಟರು ತಲೆಯಾಡಿಸಿದರು. “ಐದು ಸಲ ಕೇಳಿದ್ರೆ ಎರಡು ಸಲ ಮುಚ್ಚತಾಳೆ, ಯಜಮಾನ್ರೆ. ಇಷ್ಟು ದೊಡ್ಡ ಪ್ರಶ್ನೆಯ ಭಾರಾನ ಆ ರೆಪ್ಪೆ ಮೇಲೆ ಹಾಕಬಾರದು. ಅಕಿ ಏನಂತಿದ್ದಳು ಅಂತ ಬಲ್ಲೋರು ನೀವು. ನೀವೇ ಹೇಳಬೇಕು.”

ಎರ್ರೆಮ್ಮ ಎದ್ದು ಕನ್ನಡಿಯನ್ನು ಬೀಗರ ಕೈಗಿಟ್ಟಳು. ಅವನು ಅದನ್ನು ಮಗಳ ಮುಂದೆ ಹಿಡಿದ. ಕಣ್ಣು ಬಂದು ನಿಂತಿತು. ಅವನು ಸರಿಸಿದ ಕಡೆ ಸರಿಯಿತು. ಕುರಿಯ ಹಗ್ಗ ಹಿಡಿದು ಗಟ್ಟಿಯಾದ ಆ ಕೈಯಿಂದ ಕನ್ನಡಿ ಜಾರಿ ಹಾಸಿಗೆಯ ಮೇಲೆ ಬಿತ್ತು. ಹುಲಿಗೆಮ್ಮನ ಕಣ್ಣು ಅದರ ಜೊತೆ ಬೀಳಲಿಲ್ಲ. ಎದುರಿಗಿದ್ದ ಅಪ್ಪನ ಮುಖದ ಮೇಲೆ ಹೋಗಿ ಕೂತಿತು. ಅಲ್ಲೇ ಇತ್ತು.

“ಯವ್ವಾ,” ಎಂದ ದೊಡ್ಡಬೀರಪ್ಪ.

ಆಗ ಗಾದಿಲಿಂಗ ಬಾಯಿ ಬಿಟ್ಟ. ನಲವತ್ತು ದಿನದಲ್ಲಿ ಅವನು ಹಿರಿಯರ ನಡುವೆ ಆಡಿದ ಮೊದಲ ಮಾತು ಅದು. “ಮಾವ, ಕೆಡವಿದಾವ ನಾನು. ಹಿಂಗ ಮಾಡ್ರಿ ಅನ್ನಾಕ ನನಗ ಬಾಯಿಲ್ಲ ಅಂತ ಸುಮ್ಮನಿದ್ದೆ. ಈಗ ಸುಮ್ಮನಿದ್ರ ಎರಡನೇ ಸಲ ಕೆಡವಿದಂಗ ಆಗ್ತೈತಿ. ನಾನು ದಾವಣಗೆರಿಗೆ ಒಯ್ತೀನಿ. ಅಲ್ಲಿ ಏನಾದ್ರೂ ಆದ್ರ, ಅದೂ ನನ್ನ ತಲಿ ಮ್ಯಾಲೆ ಇರಲಿ.”

ದೊಡ್ಡಬೀರಪ್ಪ ಕಣ್ಣೊರೆಸಿಕೊಂಡ. “ನಿನ್ನೊಬ್ಬನ ತಲಿ ಮ್ಯಾಲೆ ಯಾಕೋ. ಟೆಂಪೊ ಹೊರಗ ಐತಿ. ನಡಿ.”

ಅಲ್ಲಿಂದ ಎಲ್ಲ ಓಟವೇ. ಆಸ್ಪತ್ರೆಯ ಆಂಬುಲೆನ್ಸ್ ಹೆರಿಗೆಯ ಹೆಂಗಸನ್ನು ಕರೆದುಕೊಂಡು ಬಳ್ಳಾರಿಗೆ ಹೋಗಿತ್ತು. ಕಾಯುವುದು ಬೇಡ ಎಂದರು ಡಾಕ್ಟರು. ಫೋನಿನಲ್ಲಿ ದಾವಣಗೆರೆಗೆ ಹೇಳಿ ಪತ್ರ ಬರೆದರು. ಗೀತಮ್ಮ ಜೊತೆಗೆ ಹೊರಟೇಬಿಟ್ಟಳು. ಬೆಳಿಗ್ಗೆ ತಾನು ಮಲಗಿಸಿದ್ದು ಆಕೆಯ ಮನಸ್ಸಿಗೆ ಹತ್ತಿತ್ತು. ಸಾಯಲು ಕರೆದೊಯ್ಯುವುದಕ್ಕೆ ತಂದ ಹಾಸಿಗೆಯನ್ನೇ ಟೆಂಪೊದಲ್ಲಿ ಮಡಚಿ ಒರಗಿಟ್ಟು, ಎರ್ರೆಮ್ಮ ಹಿಂದೆ ಕೂತು, ಸೊಸೆಯ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡಳು. ದಾವಣಗೆರೆ ಬರುವವರೆಗೂ ಈ ತಲೆ ಕೆಳಗಾಗಬಾರದು. ಅದೊಂದೇ ಅವಳ ಕೆಲಸ.

ಕೊಟ್ಟೂರು ದಾಟಿದ್ದೂ ಗೊತ್ತಾಗಲಿಲ್ಲ. ಹರಪನಹಳ್ಳಿ ಇನ್ನೂ ನಾಲ್ಕು ಹರದಾರಿ ಇದೆ ಎನ್ನುವಾಗ ಟೆಂಪೊ ಗಕ್ಕನೆ ನಿಂತಿತು. ರಸ್ತೆಯ ತುಂಬ ಕುರಿ. ಮುನ್ನೂರೋ ನಾನೂರೋ. ಡ್ರೈವರ್ ಹಾರ್ನ್ ಬಡಿದಷ್ಟೂ ಅವು ಒಂದಕ್ಕೊಂದು ತಲೆ ತೂರಿಸಿ ಗಟ್ಟಿಯಾಗಿ ನಿಂತವು.

“ಹಾರ್ನ್ ಬಡಿಬ್ಯಾಡಲೇ ತಮ್ಮ,” ಎಂದು ದೊಡ್ಡಬೀರಪ್ಪ ಇಳಿದ. ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಸಿಳ್ಳೆ ಹಾಕಿದ. ಮುಂದಿದ್ದ ಟಗರಿನ ಕೊಂಬು ಹಿಡಿದು ಹೊಲದ ಕಡೆಗೆ ತಿರುಗಿಸಿ, ನಾಲಿಗೆಯಿಂದ ಒಂದು ಸದ್ದು ಮಾಡಿದ. ಟಗರು ಇಳಿಯಿತು. ಅದರ ಹಿಂದೆ ಇಡೀ ಹಿಂಡು, ನೀರು ಇಳಿದಂತೆ, ಹೊಲಕ್ಕೆ ಇಳಿಯಿತು. ಓಡಿ ಬಂದು ಟೆಂಪೊ ಹತ್ತುವಾಗ ಅವನ ಮುಖ ಕೆಂಪೇರಿತ್ತು, ಬೆನ್ನು ನೆಟ್ಟಗಾಗಿತ್ತು.

“ವಾಂತಿ ಆತೇನು ಯಕ್ಕ?”

“ಇಲ್ಲ. ಅದಾಳ. ನಡೀರಿ, ನಡೀರಿ.”

ಮೂರು ಗಂಟೆಗೆ ಸ್ಕ್ಯಾನ್ ಆಯಿತು. ಮೊದಲು ಆಪರೇಷನ್ ಮಾಡಿದ ಅದೇ ಸರ್ಜನ್ನರು ಫಿಲ್ಮನ್ನು ಬೆಳಕಿಗೆ ಹಿಡಿದು, ಹಳೆಯದನ್ನು ಪಕ್ಕದಲ್ಲಿಟ್ಟು, ಎರ್ರೆಮ್ಮನನ್ನೇ ಹತ್ತಿರ ಕರೆದು ತೋರಿಸಿದರು. ಹಳೆಯದರಲ್ಲಿ ನಡುವಿನ ಕಪ್ಪು ಜಾಗ ಹುಣಸೆಬೀಜದಷ್ಟಿತ್ತು. ಹೊಸದರಲ್ಲಿ ಮಾವಿನ ಓಟೆಯಷ್ಟು. ಎಲ್ಲ ನೀರು. ಕೂಡ್ಲಿಗಿಯ ಡಾಕ್ಟರ ಅನುಮಾನ ನಿಜವಾಗಿತ್ತು. ಗಾದಿಲಿಂಗ ಸಹಿ ಹಾಕಿದ. ಅದರ ಕೆಳಗೆ, ಯಾರೂ ಕೇಳದಿದ್ದರೂ, ದೊಡ್ಡಬೀರಪ್ಪ ಹೆಬ್ಬೆಟ್ಟು ಒತ್ತಿದ. ಸಂಜೆ ಐದಕ್ಕೆ ಒಳಗೆ ಒಯ್ದರು, ಏಳಕ್ಕೆ ಮೊದಲೇ ಹೊರಗೆ ತಂದರು.

ಮರುದಿನವೇ ತಲೆಯ ಉಬ್ಬು ಇಳಿದಿತ್ತು. ಮೂರನೆಯ ದಿನ ಹುಲಿಗೆಮ್ಮ ಮಲಗಿದ್ದಾಗಲೂ ಬಾಗಿಲಿಗೆ ಬಂದವರ ಕಡೆ ಕಣ್ಣು ತಿರುಗಿಸಿದಳು. ನಾಲ್ಕನೆಯ ದಿನ ಕೇಳಿದಾಗಲೆಲ್ಲ ಬಲಗೈಯ ಬೆರಳು ಮಡಚಿದಳು. ಅದನ್ನು ಕಣ್ಣಾರೆ ನೋಡಿದ ಮೇಲೆ ದೊಡ್ಡಬೀರಪ್ಪ ಕುರಿ ಬಿಟ್ಟು ಬಂದೀನಿ ಎಂದು ಊರಿಗೆ ಹೋದ. ಮುಂದೆ ಒಂದೊಂದು ದಿನವೂ ಒಂದೊಂದು ಹೊಸದು. ಎರ್ರೆಮ್ಮನಿಗೆ ಹಾಸಿಗೆ ಬಿಟ್ಟು ಚಹಾ ಕುಡಿಯಲು ಹೋಗಲೂ ಮನಸ್ಸಾಗುತ್ತಿರಲಿಲ್ಲ. ಹೋದಾಗಲೇ ಏನಾದರೂ ಮಾಡಿಬಿಟ್ಟರೆ? ಬೆಳಿಗ್ಗೆ ಎದ್ದ ಕೂಡಲೇ, ಚೊಚ್ಚಲ ಹೆರಿಗೆಯ ಮನೆಯ ಹೊರಗೆ ನಿಂತವಳಂತೆ, ಸೊಸೆಯ ಮುಖ ನೋಡುತ್ತ ನಿಲ್ಲುತ್ತಿದ್ದಳು.

ಹನ್ನೊಂದನೆಯ ದಿನ, ನುಂಗಲು ಬರುತ್ತದೋ ನೋಡೋಣವೆಂದು ಸಿಸ್ಟರು ಗಟ್ಟಿ ಗಂಜಿಯನ್ನು ಅರ್ಧ ಚಮಚ ಬಾಯಿಗಿಟ್ಟರು. ಹುಲಿಗೆಮ್ಮ ನಾಲಿಗೆಯಾಡಿಸಿದಳು. ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮಲಿಲ್ಲ. ಇನ್ನೊಂದು ಅರ್ಧ ಚಮಚ. ಅದನ್ನೂ ನುಂಗಿ, ಹುಬ್ಬು ಗಂಟಿಕ್ಕಿ, ತುಟಿಯನ್ನು ಎರಡು ಮೂರು ಸಲ ಕೂಡಿಸಿ ಬಿಡಿಸಿದಳು. ಬಾಯಿಂದ ಗಾಳಿ ಬಂತು. ಆಮೇಲೆ ಗಾಳಿಯ ಜೊತೆ ದನಿ ಬಂತು.

“ಉಪ್ಪು.”

ಗಾದಿಲಿಂಗ ಚಾಪೆಯಿಂದ ಎದ್ದು ನಿಂತ.

“ಉಪ್ಪಿಲ್ಲ,” ಎಂದಳು ಹುಲಿಗೆಮ್ಮ, ಒಡೆದ ದನಿಯಲ್ಲಿ. ಇನ್ನೂರು ಮಕ್ಕಳಿಗೆ ಅನ್ನ ಸಾರು ಮಾಡಿ ಹಾಕುತ್ತಿದ್ದ ಹೆಂಗಸು ಐವತ್ತೊಂದು ದಿನದ ಮೇಲೆ ಆಡಿದ ಮಾತು.

ಎರ್ರೆಮ್ಮ ಚಪ್ಪಲಿ ಮೆಟ್ಟದೆ ಓಡಿದಳು. ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಲ್ಲಿ ಒಬ್ಬರು ಮಾತಾಡುತ್ತಿದ್ದರು. ಅವರ ಕೈಹಿಡಿದು, “ಅಣ್ಣಾ, ಸ್ವಲ್ಪ ಬಿಡಪ್ಪ” ಎಂದಳು. ಮುಖ ನೋಡಿದವರು ಬಿಟ್ಟುಕೊಟ್ಟರು. ಸೆರಗಿನ ಗಂಟಿನಲ್ಲಿದ್ದ ಚೀಟಿ ತೋರಿಸಿದಳು. ಬೂತಿನವನು ಹಂಪಸಾಗರದ ಗಾಳೆಪ್ಪನ ಅಂಗಡಿಯ ನಂಬರು ಒತ್ತಿಕೊಟ್ಟ. ಬೀಗರನ್ನು ಕರೆತರುವವರೆಗೆ ಅವಳು ಒಂಟಿಕಾಲಲ್ಲಿ ನಿಂತಂತೆ ನಿಂತಿದ್ದಳು.

“ಹಲೋ. ಯಾರು?” ದೊಡ್ಡಬೀರಪ್ಪನ ದನಿ ಹೆದರಿತ್ತು. ಆಸ್ಪತ್ರೆಯಿಂದ ಬರುವ ಫೋನು ಒಳ್ಳೆಯದಕ್ಕೆ ಬರುತ್ತದೆಯೇ.

“ನಾನ್ರೀ, ಎರ್ರೆಮ್ಮ. ನಿಮ್ಮ ಮಗಳು ಮಾತಾಡಿದ್ಲು.”

ಎರ್ರೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಾ ಮಾಡಿಸಿದ ಗಂಜಿಗೆ ಉಪ್ಪಿಲ್ಲ ಅಂದ್ಲು. ಎರಡು ಸಲ ಅಂದ್ಲು. ಬಾಯಿಲೆ ಉಂಡ್ಲು.”

“ಯಕ್ಕ,” ಎಂದ ಅವನು. “ಉಪ್ಪು ಹಾಕೇ ಮತ್ತ. ಯಾಕ ನಿಂತಿ?”

ಹುಲಿಗೆಮ್ಮ ಮೊದಲಿನಂತೆಯೇ ಆದಳು ಎಂದರೆ ಸುಳ್ಳಾಗುತ್ತದೆ. ತೆಗೆದಿಟ್ಟ ಎಲುಬನ್ನು ಮೂರು ತಿಂಗಳ ಮೇಲೆ ಕೂಡಿಸಿದರು. ಎಡಗಾಲು ಎಳೆಯುತ್ತಾಳೆ. ಕೋಲು ಬೇಕು. ಹೆಸರುಗಳು ನಾಲಿಗೆಯ ತುದಿಗೆ ಬಂದು ನಿಂತು ಸಿಟ್ಟು ತರಿಸುತ್ತವೆ. ದೊಡ್ಡ ಪಾತ್ರೆ ಇಳಿಸಲಾರಳು. ಅದಕ್ಕೇ ಶಾಲೆಯಲ್ಲಿ ಕೂತು ಬೇಳೆ ಹಸನು ಮಾಡಿ ಕೊಡುತ್ತಾಳೆ, ರುಚಿ ನೋಡಿ ಹೇಳುತ್ತಾಳೆ.

ಆ ವರ್ಷದ ಕೊನೆಗೆ ಗಾದಿಲಿಂಗ ಅವಳನ್ನು ಬಸ್ಸಿನಲ್ಲಿ ಕೂಡ್ಲಿಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದ. ಎರ್ರೆಮ್ಮ ಮುಂದೆ ಮುಂದೆ ನಡೆದು, ಹೊರರೋಗಿಗಳ ಸಾಲು ಸೀಳಿಕೊಂಡು, ಡಾಕ್ಟರ ಬಾಗಿಲು ತಳ್ಳಿದಳು. ಶಿವಶಂಕರ ಎದ್ದು ನಿಂತರು. ಗೀತಮ್ಮ ಇಂಜೆಕ್ಷನ್ನಿನ ತಟ್ಟೆ ಹಿಡಿದುಕೊಂಡೇ ಓಡಿ ಬಂದಳು. ಕೋಲೂರಿ ಒಳಗೆ ಬಂದ ಹುಲಿಗೆಮ್ಮ ಇಬ್ಬರ ಮುಖವನ್ನೂ ನೋಡಿದಳು. ಗುರುತು ಹತ್ತಲಿಲ್ಲ. ಆ ದಿನಗಳಲ್ಲಿ ಒಂದೂ ಅವಳ ನೆನಪಿನಲ್ಲಿ ಉಳಿದಿರಲಿಲ್ಲ.

“ಇವರು ಯಾರು, ಅತ್ತಿ?” ಎಂದು ಕೇಳಿದಳು. “ನನ್ನ ನೋಡಿ ಹಿಂಗ್ಯಾಕ ನಗ್ತಾರ?”